ಸ್ಕ್ರೈಫಾಲ್: ಅಂಗಡಿ ಇಲ್ಲದ ಊರಲ್ಲಿ ಮ್ಯಾಜಿಕ್ ಆಡುವವರಿಗೆ

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುವವರಲ್ಲಿ ಸ್ಕ್ರೈಫಾಲ್ ವೆಬ್‌ಸೈಟಿನ ಹೆಸರು ಕೇಳದವರು ಕಡಿಮೆ. ಕಾರ್ಡಿನ ಹೆಸರು ಟೈಪ್ ಮಾಡಿದರೆ ಚಿತ್ರ ಬರುತ್ತದೆ, ಬೆಲೆ ಬರುತ್ತದೆ. ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ. ನಾನು ಕೆಲವು ವರ್ಷಗಳಿಂದ ದಾವಣಗೆರೆಯಲ್ಲಿ ಕೂತು ಇದನ್ನು ಹೆಚ್ಚುಕಡಿಮೆ ದಿನವೂ ಬಳಸುತ್ತಿದ್ದೇನೆ. ಹೆಸರೇ ಗೊತ್ತಿಲ್ಲದ ಕಾರ್ಡನ್ನು ಅದು ಆಟದಲ್ಲಿ ಮಾಡುವ ಕೆಲಸ ಹೇಳಿ ಹುಡುಕಬಹುದು ಅನ್ನೋದೇ ಇದರ ದೊಡ್ಡ ಗುಣ. ನಮ್ಮಂಥ ಊರಿನ ಆಟಗಾರರಿಗೆ ಅದು ಎಷ್ಟು ಉಪಯೋಗ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದಿತು. ಕಾರ್ಡ್‌ಗಳು ಕಂತುಕಂತಾಗಿ ಬರುತ್ತವೆ, ಒಂದೊಂದು ಕಂತಿಗೆ ಸೆಟ್ ಅನ್ನುತ್ತಾರೆ. ಆಲ್ಫಾ ಎಂಬ ಮೊದಲ ಸೆಟ್‌ನಲ್ಲಿ ಇದ್ದದ್ದು 295 ಕಾರ್ಡ್. ಈಗ ಬೇರೆ ಬೇರೆ ಕಾರ್ಡ್‌ಗಳೇ 25 ಸಾವಿರಕ್ಕಿಂತ ಜಾಸ್ತಿ ಇವೆ. ಅದರಲ್ಲೂ ಒಂದೊಂದು ಕಾರ್ಡ್ ಹತ್ತಾರು ಸಲ ಮರುಮುದ್ರಣ ಆಗಿರುತ್ತದೆ. ಇಷ್ಟನ್ನು ಯಾರೂ ನೆನಪಿಟ್ಟುಕೊಳ್ಳೋಕೆ ಆಗಲ್ಲ.

ದೊಡ್ಡ ಊರುಗಳಲ್ಲಿ ಇದಕ್ಕೆ ದಾರಿ ಇದೆ. ಕಾರ್ಡ್ ಅಂಗಡಿಗೆ ಹೋದರೆ ಹತ್ತಿಪ್ಪತ್ತು ವರ್ಷ ಆಡಿದವರು ಯಾರಾದರೂ ಸಿಗುತ್ತಾರೆ. ನಿಮ್ಮ ಡೆಕ್ (ಆಡೋಕೆ ಆರಿಸಿಟ್ಟ ಕಾರ್ಡ್‌ಗಳ ಕಟ್ಟು) ನೋಡಿ, ‘ಇದನ್ನ ತೆಗೆದು ಅದನ್ನ ಹಾಕು’ ಅಂತ ಹೇಳುತ್ತಾರೆ. ನಮ್ಮಲ್ಲಿ ಅಂಥ ಅಂಗಡಿಯೂ ಇಲ್ಲ, ಅಂಥ ಹಿರಿಯರೂ ಇಲ್ಲ. ವಿದ್ಯಾನಗರದಲ್ಲಿ ಒಬ್ಬರ ಮನೆಯಲ್ಲಿ ಭಾನುವಾರ ಸೇರುವ ಸಣ್ಣ ಗುಂಪು ನಮ್ಮದು. ಇಂಜಿನಿಯರಿಂಗ್ ಓದುವ ಹುಡುಗರು, ಕೆಲಸಕ್ಕೆ ಹೋಗುವ ಇಬ್ಬರು ಮೂವರು, ಜೊತೆಗೆ ನನ್ನ ತಂಗಿಯ ಮಗ. ಮಂಡಕ್ಕಿ ಮಿರ್ಚಿ ತಿಂದವರು ಕೈ ತೊಳೆಯದೆ ಕಾರ್ಡ್ ಮುಟ್ಟುವ ಹಾಗಿಲ್ಲ, ಅದೊಂದೇ ಕಟ್ಟುನಿಟ್ಟಿನ ನಿಯಮ. ಕಾರ್ಡ್ ಬರೋದು ಬೆಂಗಳೂರಿನಿಂದ, ಇಲ್ಲವೇ ಆನ್‌ಲೈನ್. ಹಾಗಾಗಿ ಇರುವ ಕಾರ್ಡ್‌ನಲ್ಲೇ ಒಳ್ಳೆಯ ಡೆಕ್ ಕಟ್ಟೋದು ನಮಗೆ ಮುಖ್ಯ. ಆ ಹಿರಿಯರ ಜಾಗದಲ್ಲಿ ನಮಗೆ ಸ್ಕ್ರೈಫಾಲ್ ನಿಂತಿದೆ.

ಹುಡುಕುವ ಪೆಟ್ಟಿಗೆ ನೋಡೋಕೆ ಸಾದಾ. ಆದರೆ ಅದಕ್ಕೆ ತನ್ನದೇ ಸಣ್ಣ ಭಾಷೆ ಇದೆ. ಇಂಗ್ಲಿಷಿನ ಟಿ ಅಕ್ಷರ, ಪಕ್ಕದಲ್ಲಿ ಕೋಲನ್, ಆಮೇಲೆ ಗಾಬ್ಲಿನ್ ಅಂತ ಹಾಕಿದರೆ ಗಾಬ್ಲಿನ್ ಜಾತಿಯ ಕಾರ್ಡ್‌ಗಳೆಲ್ಲ ಬರುತ್ತವೆ. ಸಿ ಅಂದರೆ ಬಣ್ಣ. ಓ ಅಂದರೆ ಕಾರ್ಡಿನ ಮೇಲಿನ ನಿಯಮದ ಸಾಲು. ಎಫ್ ಅಂದರೆ ಯಾವ ಫಾರ್ಮ್ಯಾಟ್ (ಯಾವ ಕಾರ್ಡ್ ಆಡಬಹುದು ಅಂತ ನಿಯಮ ಇರುವ ಆಟದ ಬಗೆ), ಇ ಅಂದರೆ ಯಾವ ಸೆಟ್. ಎಂವಿ ಹಾಕಿ ಮಾನಾ ವೆಚ್ಚಕ್ಕೆ, ಅಂದರೆ ಕಾರ್ಡ್ ಆಡೋಕೆ ಆಟದೊಳಗೆ ಕೊಡಬೇಕಾದ ಶಕ್ತಿಗೆ, ಮಿತಿ ಇಡಬಹುದು. ಬೇಡದ್ದರ ಮುಂದೆ ಮೈನಸ್ ಹಾಕಿದರೆ ಅದು ಪಟ್ಟಿಯಿಂದ ಹೊರಗೆ. ಇವನ್ನೆಲ್ಲ ಒಂದೇ ಸಾಲಿನಲ್ಲಿ ಜೋಡಿಸಬಹುದು. ಕಲಿಯೋಕೆ ಬೇಜಾರು ಅನ್ನುವವರಿಗೆ ಅಡ್ವಾನ್ಸ್ಡ್ ಸರ್ಚ್ ಪುಟದಲ್ಲಿ ಫಾರ್ಮ್ ತುಂಬುವ ವ್ಯವಸ್ಥೆಯೂ ಇದೆ. ನಾನು ಹೊಸಬರಿಗೆ ಮೊದಲು ಫಾರ್ಮ್ ತುಂಬಿಸುತ್ತೇನೆ. ಸರ್ಚ್ ಕೊಟ್ಟ ಮೇಲೆ ಮೇಲಿನ ಪೆಟ್ಟಿಗೆಯಲ್ಲಿ ಅದೇ ಪ್ರಶ್ನೆ ಅಕ್ಷರ ರೂಪದಲ್ಲಿ ಕಾಣುತ್ತದೆ. ಅದನ್ನು ನೋಡುತ್ತಾ ನೋಡುತ್ತಾ ಭಾಷೆ ತಾನಾಗಿ ಬರುತ್ತದೆ.

ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಪಾಪರ್ ನಮ್ಮ ಗುಂಪಿನ ಮೆಚ್ಚಿನ ಫಾರ್ಮ್ಯಾಟ್. ಯಾವುದಾದರೂ ಒಂದು ಮುದ್ರಣದಲ್ಲಿ ಕಾಮನ್ (ಸುಲಭವಾಗಿ ಸಿಗುವ ದರ್ಜೆ) ಆಗಿ ಬಂದ ಕಾರ್ಡ್‌ಗಳನ್ನಷ್ಟೇ ಅದರಲ್ಲಿ ಆಡಬೇಕು, ಹಾಗಾಗಿ ಖರ್ಚು ಕಡಿಮೆ. ಗುಂಪಿನ ಹುಡುಗನೊಬ್ಬ ಕೆಂಪು ಡೆಕ್ ಕಟ್ಟುತ್ತಿದ್ದ. ಎದುರಾಳಿಗೆ ನೇರವಾಗಿ ಪೆಟ್ಟು ಕೊಡುವ, ಒಂದೇ ಮಾನಾ ವೆಚ್ಚದ ಕಾರ್ಡ್ ಬೇಕಿತ್ತು. ಕೆಂಪು, ಪಾಪರ್, ಒಂದು ಮಾನಾ, ಸಾಲಿನಲ್ಲಿ ‘ಮೂರು ಡ್ಯಾಮೇಜ್’ ಇರಬೇಕು ಅಂತ ಕೇಳಿದೆವು. ಲೈಟ್ನಿಂಗ್ ಬೋಲ್ಟ್ ಬಂತು, ಅದು ಎಲ್ಲರಿಗೂ ಗೊತ್ತಿರುವುದೇ. ಜೊತೆಗೆ 1994ರ ಲೆಜೆಂಡ್ಸ್ ಸೆಟ್‌ನ ಚೈನ್ ಲೈಟ್ನಿಂಗ್ ಬಂತು. 2004ರ ಕಾಮಿಗಾವಾ ಸೆಟ್‌ನ ಲಾವಾ ಸ್ಪೈಕ್ ಬಂತು. ಆ ಹುಡುಗ ಆ ಎರಡರ ಹೆಸರನ್ನೂ ಕೇಳಿರಲಿಲ್ಲ.

ಇಲ್ಲೇ ಒಂದು ಸೂಕ್ಷ್ಮ ಇದೆ. ರಿಫ್ಟ್ ಬೋಲ್ಟ್ ಅಂತ ಇನ್ನೊಂದು ಕಾರ್ಡ್ ಇದೆ. ಅದರ ಮೂಲೆಯಲ್ಲಿ ಬರೆದಿರುವ ವೆಚ್ಚ ಮೂರು ಮಾನಾ. ಆದರೆ ಒಂದು ಕೆಂಪು ಮಾನಾ ಕೊಟ್ಟು ಅದನ್ನು ಪಕ್ಕಕ್ಕಿಟ್ಟರೆ ಮುಂದಿನ ಸರದಿಯಲ್ಲಿ ಬಿಟ್ಟಿಯಾಗಿ ಆಡಬಹುದು. ಫೈರ್‌ಬ್ಲಾಸ್ಟ್‌ಗೆ ಆರು ಮಾನಾ ಅಂತ ಬರೆದಿದೆ. ಎರಡು ಮೌಂಟನ್ (ಕೆಂಪು ಮಾನಾ ಕೊಡುವ ಕಾರ್ಡ್) ಬಲಿ ಕೊಟ್ಟರೆ ಮಾನಾ ಕೊಡುವುದೇ ಬೇಡ, ನಾಲ್ಕು ಪೆಟ್ಟು ಬೀಳುತ್ತದೆ. ಕೆಂಪು ಡೆಕ್‌ಗೆ ಎರಡೂ ಬಹಳ ಒಳ್ಳೆಯ ಕಾರ್ಡ್. ಆದರೆ ‘ಒಂದೇ ಮಾನಾ’ ಅಂತ ಮಿತಿ ಹಾಕಿದರೆ ಎರಡೂ ಪಟ್ಟಿಯಲ್ಲಿ ಬರಲ್ಲ. ಸೈಟು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿರುತ್ತದೆ, ಪ್ರಶ್ನೆ ಬಿಗಿಯಾಗಿರುತ್ತದೆ ಅಷ್ಟೇ. ಅದಕ್ಕೇ ಮೊದಲ ಪಟ್ಟಿ ನೋಡಿದ ಮೇಲೆ ಮಾನಾ ಮಿತಿ ತೆಗೆದು ಇನ್ನೊಮ್ಮೆ ಹುಡುಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಡಿಮೆ ಮಾನಾದಲ್ಲಿ ಆಡಬಹುದಾದ, ಹೆಚ್ಚು ಮಾನಾ ಬರೆದಿರುವ ಕಾರ್ಡ್‌ಗಳು ಆಗ ಕಣ್ಣಿಗೆ ಬೀಳುತ್ತವೆ.

ಪದಗಳ ವಿಷಯದಲ್ಲೂ ಎಚ್ಚರ ಬೇಕು. ಸ್ಕ್ರೈಫಾಲ್ ಹುಡುಕುವುದು ಒರಾಕಲ್ ಸಾಲುಗಳಲ್ಲಿ. ಅಂದರೆ ಕಂಪನಿ ಈಗ ಅಧಿಕೃತ ಅಂತ ಒಪ್ಪಿರುವ ಮಾತುಗಳಲ್ಲಿ. ನಿಮ್ಮ ಕೈಯಲ್ಲಿರುವ ಹಳೇ ಕಾರ್ಡಿನ ಮೇಲೆ ಅಚ್ಚಾಗಿರುವುದು ಬೇರೆ ಇರಬಹುದು. ಒಂದು ಕ್ರೀಚರ್ (ಜೀವಿಯ ಕಾರ್ಡ್) ಆಟಕ್ಕೆ ಇಳಿದಾಗ ಏನಾಗುತ್ತದೆ ಅನ್ನೋದನ್ನು ‘ಎಂಟರ್ಸ್ ದಿ ಬ್ಯಾಟಲ್‌ಫೀಲ್ಡ್’ ಅಂತ ಬರೆಯುತ್ತಿದ್ದರು. 2024ರ ಆಗಸ್ಟ್‌ನಲ್ಲಿ ಬಂದ ಬ್ಲೂಮ್‌ಬರೋ ಸೆಟ್‌ನಿಂದ ಅದು ಬರೀ ‘ಎಂಟರ್ಸ್’ ಆಯಿತು. ಹಳೇ ಕಾರ್ಡ್‌ಗಳ ಒರಾಕಲ್ ಸಾಲುಗಳೂ ಬದಲಾದವು. ಕೈಯಲ್ಲಿರುವ ಕಾರ್ಡ್ ನೋಡಿ ಪೂರ್ತಿ ಸಾಲು ಟೈಪ್ ಮಾಡುವವರಿಗೆ ಈಗ ಸರಿಯಾದ ಪಟ್ಟಿ ಸಿಗದೆ ಇರಬಹುದು. ಚಿಕ್ಕ ಪದ ಹಾಕಿ ಹುಡುಕಿ. ಇದೇ ಥರ ‘ಕನ್ವರ್ಟೆಡ್ ಮಾನಾ ಕಾಸ್ಟ್’ ಅನ್ನೋದು 2021ರಲ್ಲಿ ‘ಮಾನಾ ವ್ಯಾಲ್ಯೂ’ ಆಯಿತು. ಆದರೆ ಹಳೇ ಸಿಎಂಸಿ ಅಕ್ಷರಗಳನ್ನು ಹಾಕಿದರೂ ಸ್ಕ್ರೈಫಾಲ್ ಒಪ್ಪುತ್ತದೆ. ರೂಢಿಯಾದ ಕೈಗೆ ಅದು ಒಳ್ಳೆಯದು.

ಪದದ ತೊಂದರೆಯನ್ನು ಪೂರ್ತಿ ದಾಟಿಸುವ ಇನ್ನೊಂದು ಸೌಲಭ್ಯ ಇದೆ, ಟ್ಯಾಗರ್ ಅಂತ. ಆಟಗಾರರೇ ಸೇರಿ ಕಾರ್ಡ್‌ಗಳಿಗೆ ಗುರುತು ಹಚ್ಚುತ್ತಾರೆ. ಎದುರಾಳಿಯ ಕ್ರೀಚರ್ ತೆಗೆದುಹಾಕುವ ಕಾರ್ಡ್‌ಗಳನ್ನೇ ತಗೊಳ್ಳಿ. ಒಂದರಲ್ಲಿ ‘ಡೆಸ್ಟ್ರಾಯ್’ ಅಂತ ಇರುತ್ತದೆ, ಒಂದರಲ್ಲಿ ‘ಎಕ್ಸೈಲ್’, ಇನ್ನೊಂದರಲ್ಲಿ ಡ್ಯಾಮೇಜ್. ಸಾಲು ನೋಡಿ ಹುಡುಕಿದರೆ ಮೂರು ಸಲ ಹುಡುಕಬೇಕು. ‘ರಿಮೂವಲ್’ ಅನ್ನೋ ಟ್ಯಾಗ್ ಹಾಕಿದರೆ ಎಲ್ಲ ಒಟ್ಟಿಗೇ ಬರುತ್ತವೆ. ಅಂಗಡಿಯವನಿಗೆ ಬ್ರಾಂಡ್ ಹೆಸರು ಹೇಳದೆ ‘ಪಾತ್ರೆ ತೊಳೆಯೋಕೆ ಏನಿದೆ ಕೊಡಿ’ ಅಂದ ಹಾಗೆ. ಯಾವ ಸಂಬಳವೂ ಇಲ್ಲದೆ ಸಾವಿರಾರು ಕಾರ್ಡ್‌ಗಳಿಗೆ ಇಂಥ ಗುರುತು ಹಚ್ಚಿದವರ ಬಗ್ಗೆ ನನಗೆ ತುಂಬಾ ಗೌರವ.

ನಮಗೆ ಅತಿ ಹೆಚ್ಚು ಲಾಭ ಆಗಿರುವುದು ನಮ್ಮದೇ ಪೆಟ್ಟಿಗೆಯೊಳಗೆ ಹುಡುಕೋಕೆ. ನಿಮ್ಮ ಹತ್ತಿರ ಯಾವ ಕಾರ್ಡ್ ಇದೆ ಅಂತ ಲೆಕ್ಕ ಇಡುವ ಸೌಲಭ್ಯ ಸ್ಕ್ರೈಫಾಲ್‌ನಲ್ಲಿ ಇಲ್ಲ. ಡೆಕ್ ಪಟ್ಟಿ ಉಳಿಸಿಡಬಹುದು, ಅಷ್ಟೇ. ಆದರೆ ಸಣ್ಣ ಊರಿನ ಗುಂಪುಗಳ ಪೆಟ್ಟಿಗೆ ನೋಡಿ. ಬಹುಪಾಲು ಕಾರ್ಡ್ ಮೂರ್ನಾಲ್ಕು ಸೆಟ್‌ನವೇ ಇರುತ್ತವೆ, ಯಾರೋ ಬೆಂಗಳೂರಿನಿಂದ ಬರುವಾಗ ಒಟ್ಟಿಗೆ ತಂದ ಪ್ಯಾಕೆಟ್‌ಗಳು. ನಮ್ಮಲ್ಲಿ ಡೊಮಿನೇರಿಯಾ ಯುನೈಟೆಡ್, ಬ್ಲೂಮ್‌ಬರೋ, ಫೌಂಡೇಶನ್ಸ್ ಜಾಸ್ತಿ. ಆ ಮೂರು ಸೆಟ್‌ಗಳ ಕೋಡ್ ಹಾಕಿ, ಕಾಮನ್ ಮತ್ತು ಅನ್‌ಕಾಮನ್ ಅಂತ ಹೇಳಿ, ಆಮೇಲೆ ಬೇಕಾದ ಕೆಲಸ ಕೇಳುತ್ತೇನೆ. ಬರುವ ಪಟ್ಟಿಯಲ್ಲಿ ದೊಡ್ಡ ಪಾಲು ಪೆಟ್ಟಿಗೆಯಲ್ಲೇ ಸಿಗುತ್ತದೆ. ಹೊಸದಾಗಿ ದುಡ್ಡು ಹಾಕದೆ ಡೆಕ್ ಸುಧಾರಿಸುವ ದಾರಿ ಇದು. ಗುಂಪಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸ್ಕ್ರೈಫಾಲ್ ತನ್ನ ಎಲ್ಲ ಮಾಹಿತಿಯನ್ನು ಬಲ್ಕ್ ಡೇಟಾ ಅಂತ ಉಚಿತವಾಗಿ ಡೌನ್‌ಲೋಡ್ ಮಾಡೋಕೆ ಕೊಡುತ್ತದೆ. ಅದನ್ನು ಇಳಿಸಿಕೊಂಡು, ನಮ್ಮ ಗೂಗಲ್ ಶೀಟ್‌ಗೆ ತಾಳೆ ಹಾಕುವ ಸಣ್ಣ ಪ್ರೋಗ್ರಾಂ ಬರೆದ. ಈಗ ಯಾರ ಮನೆಯ ಡಬ್ಬದಲ್ಲಿ ಯಾವ ಕಾರ್ಡ್ ಇದೆ ಅಂತ ಎಲ್ಲರಿಗೂ ಗೊತ್ತು.

ಮುದ್ರಣ ಗುರುತಿಸೋಕೂ ಇದು ಬೇಕೇ ಬೇಕು. ಲೈಟ್ನಿಂಗ್ ಬೋಲ್ಟ್ ಆಲ್ಫಾದಲ್ಲೇ ಇದೆ. 1995ರ ಫೋರ್ತ್ ಎಡಿಷನ್ ಆದ ಮೇಲೆ ಮೂಲ ಸೆಟ್‌ಗಳಿಂದ ಮಾಯವಾಗಿ 2009ರ ಮ್ಯಾಜಿಕ್ 2010ಕ್ಕೆ ವಾಪಸ್ ಬಂತು. ಆಲ್ಫಾದ್ದಾದರೆ ನೂರಾರು ಡಾಲರ್, ಇತ್ತೀಚಿನದಾದರೆ ಒಂದೆರಡು ಡಾಲರ್. ಕಾರ್ಡಿನ ಪುಟದಲ್ಲಿ ಎಲ್ಲ ಮುದ್ರಣಗಳೂ ಸಾಲಾಗಿ ಇರುತ್ತವೆ, ಒಂದೊಂದರ ದೊಡ್ಡ ಚಿತ್ರದ ಜೊತೆ. ಕಾರ್ಡಿಗೆ ನಂಬರ್ ಹಾಕೋಕೆ, ಸೆಟ್ ಗುರುತಿಗೆ ರ್‍ಯಾರಿಟಿಯ ಬಣ್ಣ ಕೊಡೋಕೆ ಶುರು ಮಾಡಿದ್ದು 1998ರ ಎಕ್ಸೋಡಸ್ ಸೆಟ್‌ನಿಂದ. ಅದಕ್ಕಿಂತ ಹಳೆಯದಾದರೆ ಕಾರ್ಡ್ ನೋಡಿ ರೇರೋ ಕಾಮನ್ನೋ ಹೇಳೋಕೆ ಆಗಲ್ಲ, ಸೈಟ್ ನೋಡಲೇಬೇಕು.

ನಕಲಿ ಕಾರ್ಡ್ ಹಿಡಿಯೋಕೂ ಚಿತ್ರಗಳು ಸಹಾಯ ಮಾಡಿವೆ. ನಮ್ಮ ಗುಂಪಿನ ಒಬ್ಬರು ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ಅಗ್ಗವಾಗಿ ಕೊಂಡ ರೇರ್ ಕಾರ್ಡ್ ಮೇಲೆ ಅನುಮಾನ ಬಂತು. 2014ರಲ್ಲಿ ಬಂದ ಮ್ಯಾಜಿಕ್ 2015 ಸೆಟ್‌ನಿಂದ ರೇರ್ ಮತ್ತು ಮಿಥಿಕ್ ಎಂಬ ಅಪರೂಪದ ದರ್ಜೆಯ ಕಾರ್ಡ್‌ಗಳ ಕೆಳಗೆ ನಡುವಲ್ಲಿ ಅಂಡಾಕಾರದ ಹೊಳೆಯುವ ಮುದ್ರೆ ಇರುತ್ತದೆ. ಅದೇ ಮುದ್ರಣದ ಚಿತ್ರ ತೆಗೆದು ಪಕ್ಕದಲ್ಲಿಟ್ಟು ನೋಡಿದೆವು. ಚಿತ್ರದಲ್ಲಿ ಮುದ್ರೆ ಇತ್ತು, ಕಾರ್ಡಿನಲ್ಲಿ ಇರಲಿಲ್ಲ. ಚೆನ್ನಾಗಿ ಮಾಡಿದ ನಕಲಿಯನ್ನು ಪರದೆ ನೋಡಿ ಹಿಡಿಯೋಕೆ ಆಗಲ್ಲ ಅನ್ನೋದೂ ನೆನಪಿರಲಿ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಉತ್ಸಾಹದ್ದಲ್ಲ. ಡಾಲರ್ ಬೆಲೆ ಅಮೆರಿಕದ ಮಾರಾಟ ತಾಣ ಟಿಸಿಜಿಪ್ಲೇಯರ್‌ನಿಂದ, ಯೂರೋ ಬೆಲೆ ಯುರೋಪಿನ ಕಾರ್ಡ್‌ಮಾರ್ಕೆಟ್‌ನಿಂದ ಬರುತ್ತದೆ. ರೂಪಾಯಿ ಬೆಲೆ ಇಲ್ಲ. ಕಾಲು ಡಾಲರ್ ಅಂತ ತೋರಿಸಿದ ಕಾರ್ಡ್ ದಾವಣಗೆರೆಗೆ ಬರುವಷ್ಟರಲ್ಲಿ ಸಾಗಣೆ ಖರ್ಚೇ ಕಾರ್ಡಿಗಿಂತ ಎಷ್ಟೋ ಪಟ್ಟು ಆಗಿರುತ್ತದೆ. ಇಲ್ಲಿನ ಅಂಗಡಿ ಬೆಲೆಗೂ ಇದಕ್ಕೂ ನೇರ ಸಂಬಂಧ ಹುಡುಕಬೇಡಿ. ನಾವು ಇದನ್ನು ಅದಲುಬದಲಿಗೆ ಮಾತ್ರ ಬಳಸುತ್ತೇವೆ. ನನ್ನ ಕಾರ್ಡ್ ಎರಡು ಡಾಲರ್, ನಿನ್ನದು ಒಂದು, ಹಾಗಾದರೆ ನೀನು ಇನ್ನೊಂದು ಸೇರಿಸು. ಚಿಕ್ಕ ಹುಡುಗರಿಗೆ ಮೋಸ ಆಗದ ಹಾಗೆ ನೋಡಿಕೊಳ್ಳೋಕೆ ಇಷ್ಟು ಸಾಕು.

ಯಾವ ಕಾರ್ಡ್ ಯಾವ ಫಾರ್ಮ್ಯಾಟ್‌ನಲ್ಲಿ ನಡೆಯುತ್ತದೆ ಅನ್ನೋದು ಪ್ರತಿ ಕಾರ್ಡಿನ ಕೆಳಗೂ ಇರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕಮಾಂಡರ್ ಫಾರ್ಮ್ಯಾಟ್‌ನಲ್ಲಿ ಮಾನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್, ಡಾಕ್‌ಸೈಡ್ ಎಕ್ಸ್‌ಟಾರ್ಷನಿಸ್ಟ್, ‘ನಾಡು’ ಈ ನಾಲ್ಕು ಕಾರ್ಡ್‌ಗಳನ್ನು ನಿಷೇಧಿಸಿದಾಗ ನಮ್ಮ ಮೇಜಿನ ವಾದ ಮುಗಿದದ್ದು ಈ ಪುಟ ತೆಗೆದ ಮೇಲೆಯೇ. ನಿಯಮದ ವಿವರಣೆಗಳೂ ಅಲ್ಲೇ ಇವೆ. ಕಂಪನಿಯದೇ ಅಧಿಕೃತ ತಾಣ ಬೇಕು ಅನ್ನುವವರಿಗೆ ಗ್ಯಾದರರ್ ಇದ್ದೇ ಇದೆ.

ಇನ್ನೊಂದು ಖುಷಿಯ ವಿಷಯ ಹೇಳಲೇಬೇಕು. ಭಾಷೆಯ ಮೇಲೂ ಹುಡುಕಬಹುದು. ಜಪಾನಿ, ಕೊರಿಯನ್, ರಷ್ಯನ್ ಎಲ್ಲ ಇವೆ. ಕನ್ನಡದಲ್ಲಿ ಕಾರ್ಡ್ ಇಲ್ಲ. ಆದರೆ ಸಂಸ್ಕೃತ ಅಂತ ಹಾಕಿದರೆ ಒಂದು ಕಾರ್ಡ್ ಬರುತ್ತದೆ! ಫಂಗಲ್ ಶ್ಯಾಂಬ್ಲರ್. 2001ರ ಅಪಾಕಲಿಪ್ಸ್ ಸೆಟ್ ಬಿಡುಗಡೆಗೆ ಮುಂಚಿನ ಆಟಕೂಟಗಳಿಗಾಗಿ ಅಚ್ಚು ಹಾಕಿದ್ದು. ಆ ಕಾಲದಲ್ಲಿ ಇಂಥ ಕಾರ್ಡ್‌ಗಳನ್ನು ಲ್ಯಾಟಿನ್, ಹಳೇ ಗ್ರೀಕ್, ಅರೇಬಿಕ್, ಹೀಬ್ರೂನಲ್ಲೂ ತಂದಿದ್ದರು. ನನ್ನ ತಂಗಿಯ ಮಗನಿಗೆ ಶಾಲೆಯಲ್ಲಿ ಸಂಸ್ಕೃತ ಇದೆ. ಅವನು ಆ ಚಿತ್ರ ದೊಡ್ಡದು ಮಾಡಿ ಅಕ್ಷರ ಕೂಡಿಸಿ ಓದುತ್ತಾ ಎಷ್ಟೋ ಹೊತ್ತು ಕೂತಿದ್ದ. ಈಗ ಚಿತ್ರದ ಟ್ಯಾಗ್ ಹಾಕಿ ಆನೆ, ನಾಯಿ ಇರುವ ಕಾರ್ಡ್‌ಗಳನ್ನೂ ಅವನೇ ಹುಡುಕುತ್ತಾನೆ. ಇಂಗ್ಲಿಷ್ ಓದೋಕೆ ಇದಕ್ಕಿಂತ ಒಳ್ಳೆಯ ನೆಪ ನಾನು ಕಂಡಿಲ್ಲ.

ಹುಡುಕೋಕೆ ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಮೊಬೈಲ್ ನೆಟ್ ನಿಧಾನ ಇದ್ದಾಗಲೂ ಅಕ್ಷರದ ಪಟ್ಟಿಯಾಗಿ ತೋರಿಸು ಅಂದರೆ ಬೇಗ ತೆರೆಯುತ್ತದೆ. ಪೋಕೆಮಾನ್ ಅಥವಾ ಕ್ರಿಕೆಟ್ ಕಾರ್ಡ್ ಸೇರಿಸುವವರಿಗೆ ಇದು ಉಪಯೋಗಕ್ಕೆ ಬರಲ್ಲ, ಇದು ಮ್ಯಾಜಿಕ್‌ಗೆ ಮಾತ್ರ. ಮ್ಯಾಜಿಕ್ ಆಡುವವರಾದರೆ, ನಿಮ್ಮ ಪೆಟ್ಟಿಗೆಯಲ್ಲಿ ಜಾಸ್ತಿ ಇರುವ ಸೆಟ್‌ನ ಕೋಡ್ ಹಾಕಿ. ಮುಂದೆ ನಿಮ್ಮ ಡೆಕ್‌ನ ಬಣ್ಣ ಹಾಕಿ. ಕೊನೆಗೆ ರಿಮೂವಲ್ ಟ್ಯಾಗ್ ಸೇರಿಸಿ. ಬಂದ ಪಟ್ಟಿ ಹಿಡಿದುಕೊಂಡು ಪೆಟ್ಟಿಗೆ ತೆರೆಯಿರಿ.