ತೂತು ಕೂತರೆ ಚಕ್ರ ಕೂತ ಹಾಗಲ್ಲ: 67ರ ಮಸ್ಟಾಂಗ್‌ಗೆ 18 ಇಂಚಿನ ರಿಮ್ ಹಾಕಿಸಿ ಕೆಟ್ಟ ಕಥೆ

ಹಳೇ ಅಮೆರಿಕನ್ ಕಾರಿಗೆ ದೊಡ್ಡ ರಿಮ್ ಹಾಕಿಸೋಣ ಅಂತ ಹೊರಟಿದ್ದೀರಾ? ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನನಗೆ ಒಟ್ಟು 4,100 ಡಾಲರ್ ಕೈ ಬಿಟ್ಟಿತು. ದುಡ್ಡು ಹೋಗಲಿ, ಓಡುತ್ತಿದ್ದ ಕಾರಿನ ಚಕ್ರ ಸಡಿಲವಾದಾಗ ಹಿಂದಿನ ಸೀಟಿನಲ್ಲಿ ನನ್ನ ಅಪ್ಪ, ಮಗಳು ಇಬ್ಬರೂ ಕೂತಿದ್ದರು.

ನಾನಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರ. ಕಾರು ಫೋರ್ಡ್ ಕಂಪನಿಯ 1967ರ ಮಸ್ಟಾಂಗ್, 289 ಘನ ಇಂಚಿನ ವಿ8 ಎಂಜಿನ್. ಅದರ ನಂಬರ್ ಶುರುವಾಗುವುದೇ 7ಎಫ್01ಸಿ ಅಂತ. 7 ಅಂದರೆ 67ರ ಮಾಡೆಲ್, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. ಹುಟ್ಟಿದ ಊರಿನಿಂದ ಅರ್ಧ ಗಂಟೆ ದೂರದಲ್ಲೇ ಐವತ್ತು ವರ್ಷ ದಾಟಿಸಿದ ಕಾರು. ಇದು ದೊಡ್ಡ ಎಂಜಿನ್ ತುಂಬಿದ ಮಸಲ್ ಕಾರೇ ಅಲ್ಲ, ಚಿಕ್ಕ ಸ್ಪೋರ್ಟಿ ಪೋನಿ ಕಾರು ಅಂತ ಜಗಳಕ್ಕೆ ಬರುವವರಿದ್ದಾರೆ. ಬನ್ನಿ, ಕಾಫಿ ಕುಡಿಯುತ್ತಾ ಜಗಳ ಆಡೋಣ. ಟೈರು ಉಜ್ಜುವುದು ಎರಡಕ್ಕೂ ಒಂದೇ.

ಕಾರಿನಲ್ಲಿದ್ದದ್ದು 14 ಇಂಚಿನ ಕಬ್ಬಿಣದ ರಿಮ್, 205/70 ಟೈರು, ಅಂದರೆ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡ 70. ಚೆನ್ನಾಗಿಯೇ ಓಡುತ್ತಿತ್ತು. ಆದರೆ ಪಕ್ಕದಲ್ಲಿ ಹೊಸ ಕಾರು ನಿಂತರೆ ನನ್ನದು ದೊಡ್ಡವರ ಅಂಗಿ ತೊಟ್ಟ ಹುಡುಗನ ಥರ ಕಾಣುತ್ತಿತ್ತು. ಚಕ್ರದ ಸುತ್ತ ಬರೀ ಖಾಲಿ. ಅದೇ ನನ್ನ ತಲೆ ಕೆಡಿಸಿದ್ದು.

ಫೆಬ್ರವರಿಯಲ್ಲಿ, ಹೊರಗೆ ಹಿಮ ಬಿದ್ದು ಕಾರು ಗ್ಯಾರೇಜಿನಲ್ಲಿ ಮಲಗಿದ್ದಾಗ, ಒಂದು ಅಂಗಡಿಗೆ ಹೋದೆ. ಹೆಸರು ಹೇಳುವುದಿಲ್ಲ. ಕೌಂಟರಿನವನು 18 ಇಂಚಿನ, 8 ಇಂಚು ಅಗಲದ ಅಲಾಯ್ ರಿಮ್ ತೋರಿಸಿದ. 2005ರಿಂದ 2014ರವರೆಗಿನ ಮಸ್ಟಾಂಗ್‌ಗೆ ಮಾಡಿದ್ದು. "ಅದೂ ಮಸ್ಟಾಂಗ್, ನಿಮ್ಮದೂ ಮಸ್ಟಾಂಗ್. ನಾಲ್ಕೂವರೆ ಇಂಚಿನ ವೃತ್ತದಲ್ಲಿ ಐದು ತೂತು, ಅರ್ಧ ಇಂಚಿನ ಸ್ಟಡ್. ಎಲ್ಲಾ ಒಂದೇ" ಅಂದ. ಚಕ್ರ ಕೂರುವ ನಡುಭಾಗ ಹಬ್, ಅದರಿಂದ ಹೊರಚಾಚಿದ, ನಟ್ ಏರುವ ಬೋಲ್ಟೇ ಸ್ಟಡ್.

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ವಿ8 ಎಂಜಿನ್ನಿನ 67ಕ್ಕೂ ಆ ಹೊಸ ಕಾರುಗಳಿಗೂ ತೂತಿನ ಲೆಕ್ಕ ಒಂದೇ. ನಾನು ಮೋಸ ಹೋಗಿದ್ದು ಅವನು ಹೇಳದೇ ಬಿಟ್ಟ ಲೆಕ್ಕದಲ್ಲಿ. ಅದನ್ನು ಬ್ಯಾಕ್‌ಸ್ಪೇಸಿಂಗ್ ಅನ್ನುತ್ತಾರೆ. ರಿಮ್ಮನ್ನು ಬೋರಲು ಮಲಗಿಸಿ, ಮೇಲಿನ ಅಂಚಿಗೆ ಅಡ್ಡ ಒಂದು ಪಟ್ಟಿ ಇಡಿ. ಆ ಪಟ್ಟಿಯಿಂದ ಹಬ್‌ಗೆ ಕೂರುವ ಜಾಗದವರೆಗೆ ಎಷ್ಟು ಆಳ ಅಂತ ಅಳೆಯಿರಿ. ಅಷ್ಟೇ. ಚಕ್ರ ಕಾರಿನ ಒಳಗೆ ಎಷ್ಟು ನುಗ್ಗುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಒಂದು ಕಿವಿಮಾತು: 8 ಇಂಚಿನ ರಿಮ್ ಅಂದರೆ ಟೈರು ಕೂರುವ ಜಾಗ 8 ಇಂಚು. ಅಂಚಿನಿಂದ ಅಂಚಿಗೆ ಅಳೆದರೆ ಹೆಚ್ಚುಕಡಿಮೆ 9 ಇರುತ್ತದೆ. ಆ ಒಂದು ಇಂಚು ಮರೆತು ಲೆಕ್ಕ ಹಾಕುವವರು ಬಹಳ.

ನನ್ನ ಹಳೇ ರಿಮ್ಮಿನ ಬ್ಯಾಕ್‌ಸ್ಪೇಸಿಂಗ್ ನಾಲ್ಕು ಇಂಚಿನೊಳಗೆ. ಹೊಸದರದ್ದು ಹತ್ತಿರ ಹತ್ತಿರ ಆರು. ಅಂದರೆ ಚಕ್ರ ಎರಡು ಇಂಚು ಒಳಗೆ ಹೋಗುತ್ತದೆ. ಹಿಂದೆ ಅಲ್ಲಿ ಲೀಫ್ ಸ್ಪ್ರಿಂಗ್ ಇದೆ, ನಮ್ಮ ಕಡೆ ಲಾರಿಗಳಿಗೆ ಕಮಾನ್ ಪಟ್ಟಿ ಅಂತಾರಲ್ಲ, ಅದು. ಇದನ್ನೆಲ್ಲ ನಾನು ಅಳೆದದ್ದು ಯಾವಾಗ? ಎಲ್ಲಾ ಮುಗಿದ ಮೇಲೆ.

ಏಪ್ರಿಲ್‌ನಲ್ಲಿ ಫಿಟ್ ಮಾಡಲು ಹೋದಾಗ ಚಕ್ರ ಒಳಗೆ ತಾಗುತ್ತದೆ ಅಂತ ಅಂಗಡಿಯವರಿಗೂ ಗೊತ್ತಾಯಿತು. ಆಗಲೇ 245/45 ಟೈರುಗಳನ್ನು ರಿಮ್‌ಗೆ ಏರಿಸಿ ಆಗಿತ್ತು. ಟೈರು ಏರಿಸಿದ ರಿಮ್ ವಾಪಸ್ ತಗೊಳ್ಳುವುದಿಲ್ಲ ಅಂತ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು. "ಸ್ಪೇಸರ್ ಹಾಕಿದರೆ ಆಯಿತು, ಎಲ್ಲರೂ ಹಾಕ್ತಾರೆ" ಅಂದರು. ಹಬ್‌ಗೂ ರಿಮ್‌ಗೂ ನಡುವೆ ಇಟ್ಟು ಚಕ್ರವನ್ನು ಹೊರಗೆ ತಳ್ಳುವ ದಪ್ಪ ಬಿಲ್ಲೆ ಅದು. ಹಿಂದೆ ಒಂದೂಕಾಲು ಇಂಚಿನ, ತನ್ನದೇ ಸ್ಟಡ್ ಇರುವ ಸ್ಪೇಸರ್. ಮುಂದೆ ಮುಕ್ಕಾಲು ಇಂಚಿನ ಬರೀ ಬಿಲ್ಲೆ. ಹಳೇ ಸ್ಟಡ್‌ಗೇ ಅದನ್ನು ಪೋಣಿಸಿ, ಅದರ ಮೇಲೆ ರಿಮ್ ಇಟ್ಟು, ನಟ್ ತಿರುಗಿಸುವ ಗನ್ ಮಷಿನ್ನಿನಲ್ಲಿ ಬಿಗಿದರು. ಝರ್ ಅಂತ ಎರಡು ಸೆಕೆಂಡು. ನಾನು ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆ.

ಫೋಟೋ ಚೆನ್ನಾಗಿ ಬಂತು. ಅದನ್ನು ಒಪ್ಪಿಕೊಳ್ಳಬೇಕು.

ಕಾಟ ಶುರುವಾದದ್ದು ಮನೆಗೆ ಬರುವಾಗಲೇ. ಡ್ರೈವ್‌ವೇಗೆ ತಿರುಗುವಾಗ ಸ್ಟೀರಿಂಗ್ ಪೂರ್ತಿ ಎಳೆದಿದ್ದೆ. ಮುಂದಿನ ಟೈರು ಮಡ್‌ಗಾರ್ಡಿನ ಅಂಚಿಗೆ ಕರ್ರ್ ಅಂತ ಉಜ್ಜಿತು. ನನ್ನ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಮೊದಲು ಒಂದು ಕೈಯಲ್ಲಿ ಪಾರ್ಕ್ ಮಾಡುತ್ತಿದ್ದವನು ಈಗ ಎರಡೂ ಕೈಯಲ್ಲಿ ಒನಕೆ ತಿರುಗಿಸಿದ ಹಾಗೆ ತಿರುಗಿಸಬೇಕು. ರಸ್ತೆಯಲ್ಲಿ ಲಾರಿ ಓಡಿ ಬಿದ್ದ ಜಾಡು ಸಿಕ್ಕಿದರೆ ಸಾಕು, ಸ್ಟೀರಿಂಗ್ ತಾನೇ ಆ ಕಡೆ ಎಳೆಯುತ್ತದೆ. ಚಕ್ರವನ್ನು ಹೊರಗೆ ತಳ್ಳಿದಷ್ಟೂ ಹೀಗೇ, ಬೇರಿಂಗ್ ಮೇಲಿನ ಭಾರವೂ ಜಾಸ್ತಿ. ಸ್ಪೀಡೋಮೀಟರ್ ಕೂಡ ಕೆಟ್ಟಿತು. ಹಳೇ ಟೈರಿನ ಎತ್ತರ 643 ಮಿಲಿಮೀಟರ್, ಹೊಸದರದ್ದು 678. ಮುಳ್ಳು 60 ತೋರಿಸುವಾಗ ಕಾರು ನಿಜಕ್ಕೂ 63 ಮೈಲಿ ವೇಗದಲ್ಲಿರುತ್ತದೆ.

ಮೇ ತಿಂಗಳಲ್ಲಿ ಒಂದು ಗುಂಡಿಗೆ ಬಿದ್ದೆ. ಮಿಶಿಗನ್‌ನ ರಸ್ತೆಗಳು ಚಳಿಗಾಲ ಮುಗಿಯುವಷ್ಟರಲ್ಲಿ ಹೇಗಿರುತ್ತವೆ ಅಂತ ಇಲ್ಲಿರುವವರಿಗೆ ಹೇಳಬೇಕಿಲ್ಲ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಡಾಂಬರು ಎದ್ದು ಬರುತ್ತದೆ. ಮೊದಲಿನ ಟೈರಿಗೆ ಪಕ್ಕದ ಗೋಡೆ 143 ಮಿಲಿಮೀಟರ್ ಇತ್ತು, ಹೊಡೆತ ತಿನ್ನುತ್ತಿತ್ತು. ಇದಕ್ಕೆ 110 ಮಾತ್ರ. ಎಡ ಮುಂದಿನ ರಿಮ್ ಒಳಗಡೆ ಬಗ್ಗಿತು. ಅದೇ ಅಂಗಡಿಯವರು ತೂಕ ಅಂಟಿಸಿ ಬ್ಯಾಲೆನ್ಸ್ ಮಾಡಿ, "ಸ್ವಲ್ಪ ನಡುಗುತ್ತೆ, ಏನೂ ಆಗಲ್ಲ" ಅಂದರು. ಈ ಮಾತು ನೆನಪಿಡಿ.

ಜೂನ್‌ನಲ್ಲಿ ದಾವಣಗೆರೆಯಿಂದ ಅಪ್ಪ ಬಂದರು. ಮೊದಲ ದಿನವೇ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, "ಏನೋ ಇದು, ಕಡಾಣಿ ಗಟ್ಟಿ ಐತೇನೋ?" ಅಂತ ಕೇಳಿದರು. ಎತ್ತಿನ ಗಾಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕೀಲು, ಅದು ಕಡಾಣಿ. "ಅಪ್ಪಾಜಿ, ಇದಕ್ಕೆ ಕಡಾಣಿ ಇಲ್ಲ, ಐದು ನಟ್ ಇರ್ತವೆ" ಅಂತ ನಕ್ಕೆ. ಅವರು ನಗಲಿಲ್ಲ.

ಆ ವಾರ ಅವರನ್ನೂ ಮಗಳನ್ನೂ ಹಿಂದೆ ಕೂರಿಸಿಕೊಂಡು ಹೊರಟೆ. ಹಿಂದೆ ಭಾರ ಬಿದ್ದ ಕೂಡಲೇ ಹಳೇ ಸ್ಪ್ರಿಂಗ್ ಕುಸಿದು, ಪ್ರತಿ ಉಬ್ಬಿಗೂ ಟೈರು ಬಾಡಿಯ ಒಳ ಅಂಚಿಗೆ ತಾಗಿತು. ಸುಟ್ಟ ರಬ್ಬರ್ ವಾಸನೆ ಮೊದಲು ಹಿಡಿದದ್ದು ಅಪ್ಪನೇ. ನಿಲ್ಲಿಸಿ ನೋಡಿದರೆ ಟೈರಿನ ಭುಜದ ಮೇಲೆ ಸುತ್ತಲೂ ಒಂದು ಗೆರೆ, ಚಾಕುವಿನಲ್ಲಿ ಕೊರೆದ ಹಾಗೆ.

ಅದಕ್ಕೂ ಅಂಗಡಿಯವರ ಹತ್ತಿರ ಉಪಾಯವಿತ್ತು. ಅಂಚನ್ನು ಬಿಸಿ ಮಾಡಿ, ರೋಲರ್ ಒತ್ತಿ ಒಳಗೆ ಮಡಚುವುದು. ಹೊಸ ಕಾರಿಗೆ ಇದು ಸರಿ ಹೋಗಬಹುದು. ನನ್ನ ಕಾರಿನ ಆ ಭಾಗದಲ್ಲಿ ಹಿಂದಿನ ಯಾವನೋ ಮಾಲೀಕ ತುಕ್ಕಿನ ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆಸಿದ್ದ. ರೋಲರ್ ಒತ್ತಿದ್ದೇ ತಡ, ಅಂಗೈ ಅಗಲದ ಚಕ್ಕೆ ಟಪ್ ಅಂತ ನೆಲಕ್ಕೆ ಬಿತ್ತು. ಒಳಗಿನಿಂದ ಕಂದು ಪುಡಿ ಉದುರಿತು. ಅದನ್ನು ಸರಿ ಮಾಡಿಸಲು ಬೇರೆ ಕಡೆ 1,150 ಡಾಲರ್ ಕೊಟ್ಟೆ.

ಇನ್ನು ಆಗಸ್ಟ್. ಇಲ್ಲಿ ಆ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತದೆ. 1995ರಲ್ಲಿ ಶುರುವಾದದ್ದು. ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ವುಡ್‌ವರ್ಡ್ ಅವೆನ್ಯೂ ತುಂಬಾ ಹಳೇ ಕಾರುಗಳ ಜಾತ್ರೆ. ಅಪ್ಪನಿಗೆ ತೋರಿಸಲೇಬೇಕು ಅಂತ ಬೆಳಗ್ಗೆಯೇ ಹೊರಟೆವು. 45 ಮೈಲಿ ದಾಟಿದ ಮೇಲೆ ಎಡ ಮುಂಭಾಗ ನಡುಗುತ್ತಿತ್ತು. ಬಗ್ಗಿದ ರಿಮ್ ಅಲ್ವಾ, ನಡುಗುತ್ತೆ ಅಂತ ಮೊದಲೇ ಹೇಳಿದ್ದಾರಲ್ಲ ಅಂತ ಸುಮ್ಮನಿದ್ದೆ. ಎರಡು ವಾರದಿಂದ ಹಾಗೇ ಸುಮ್ಮನಿದ್ದೆ. ಇದ್ದಕ್ಕಿದ್ದಂತೆ ಟಣ್ ಅಂತ ಒಂದು ಸದ್ದು. ಏನೋ ಹಾರಿ ಕಾರಿನ ತಳಕ್ಕೆ ಬಡಿಯಿತು. ಸ್ಟೀರಿಂಗ್ ಕೈಯಲ್ಲಿ ಕುಣಿಯಲು ಶುರುವಾಯಿತು. ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಬಿಟ್ಟು, ನಿಧಾನಕ್ಕೆ ಅಂಚಿಗೆ ತಂದೆ.

ಇಳಿದು ನೋಡಿದರೆ ಎಡ ಮುಂದಿನ ಚಕ್ರದ ಐದರಲ್ಲಿ ಎರಡು ನಟ್ ಇಲ್ಲ. ಒಂದು ಸ್ಟಡ್ ತುಂಡಾಗಿದೆ. ಉಳಿದ ಎರಡನ್ನು ಬೆರಳಲ್ಲಿ ತಿರುಗಿಸಬಹುದಿತ್ತು. ನಾನು ಹಾಗೇ ರಸ್ತೆ ಬದಿಯ ಹುಲ್ಲಿನ ಮೇಲೆ ಕೂತೆ. ಅಪ್ಪ ಏನೂ ಅನ್ನಲಿಲ್ಲ. ಮೊಮ್ಮಗಳ ಕೈ ಹಿಡಿದು ಕಾರಿನಿಂದ ದೂರ ಕರೆದುಕೊಂಡು ಹೋದರು.

ಕಾರಣ ಸರಳ. ಅರ್ಧ ಇಂಚಿನ ಈ ಸ್ಟಡ್‌ಗೆ ಇಂಚಿಗೆ 20 ಥ್ರೆಡ್. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದವಾದರೂ ನಟ್ ಅದರ ಮೇಲೆ ಏರಬೇಕು. ಅರ್ಧ ಇಂಚು ಅಂದರೆ ಹತ್ತು ಸುತ್ತು. ಬಲಗಡೆಯ ಚಕ್ರದಲ್ಲಿ ಐದೂ ನಟ್ ಇದ್ದವಲ್ಲ, ಮನೆಗೆ ಬಂದು ಒಂದೊಂದಾಗಿ ಬಿಚ್ಚುತ್ತಾ ಎಣಿಸಿದೆ. ನಾಲ್ಕೂವರೆ ಸುತ್ತಿಗೆ ನಟ್ ಕೈಗೆ ಬಂತು. ಮುಕ್ಕಾಲು ಇಂಚಿನ ಬಿಲ್ಲೆ ಸ್ಟಡ್ಡಿನ ಉದ್ದವನ್ನೆಲ್ಲ ತಿಂದುಬಿಟ್ಟಿತ್ತು. ಅಷ್ಟರಲ್ಲೇ ಏಪ್ರಿಲ್‌ನಿಂದ ಹೈವೇ ಓಡಿಸಿದ್ದೆ. ಮಿಶಿಗನ್‌ನಲ್ಲಿ ಕಾರಿಗೆ ವರ್ಷ ವರ್ಷ ತಪಾಸಣೆ ಅಂತ ಇಲ್ಲ. ನೀವೇ ನೋಡಿಕೊಳ್ಳದಿದ್ದರೆ ಇನ್ಯಾರೂ ನೋಡುವುದಿಲ್ಲ.

ಹಾಗಾಗಿ ಅಂಗಡಿಯವರು ಗನ್ ಎತ್ತುವ ಮುಂಚೆ "ಮೊದಲು ಕೈಯಲ್ಲಿ ತಿರುಗಿಸಿ" ಅನ್ನಿ, ಸುತ್ತು ಎಣಿಸಿ. ಹತ್ತಕ್ಕಿಂತ ಕಡಿಮೆ ಬಂದರೆ ಕಾರು ಇಳಿಸಿಕೊಂಡು ಮನೆಗೆ ಬನ್ನಿ. ಬೈದುಕೊಳ್ಳಲಿ ಬಿಡಿ. ಬಿಗಿ ಮಾಡಿಸಿದ ಮೇಲೂ 50 ಮೈಲಿ ಓಡಿಸಿ ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಇನ್ನೊಮ್ಮೆ ನೋಡಿ. ನಡುಕ ಬಂದರೆ ಕಾರಣ ಗೊತ್ತಿದೆ ಅಂದುಕೊಳ್ಳಬೇಡಿ, ಮೊದಲು ನಟ್ ಮುಟ್ಟಿ ನೋಡಿ. ಟೈರು ಏರಿಸುವ ಮೊದಲು ಬರೀ ರಿಮ್ ಒಂದನ್ನು ಕಾರಿಗೆ ಹಾಕಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಒಳಗೆ ಟಾರ್ಚ್ ಬಿಟ್ಟು ನೋಡಿ. ಅಷ್ಟಕ್ಕೂ ಒಪ್ಪದ ಅಂಗಡಿಗೆ ದುಡ್ಡು ಕೊಡಬೇಡಿ.

ಈಗ ನನ್ನ ಕಾರಿನಲ್ಲಿರುವುದು 15 ಇಂಚಿನ, 7 ಇಂಚು ಅಗಲದ ರಿಮ್. ಬ್ಯಾಕ್‌ಸ್ಪೇಸಿಂಗ್ ನಾಲ್ಕೂಕಾಲು ಇಂಚು. ಟೈರು 215/60, ಎತ್ತರ 639 ಮಿಲಿಮೀಟರ್. ಸ್ಪೇಸರ್ ಇಲ್ಲ, ಹೊಸ ಸ್ಟಡ್. ಈ ಸಲ ಮಡ್‌ಗಾರ್ಡಿನ ಒಳ ಅಂಚಿಗೆ ಹೆಂಡತಿ ಕಲಸಿಟ್ಟ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಹಿಂದೆ ಇಬ್ಬರನ್ನು ಕೂರಿಸಿ ಬೀದಿಯಲ್ಲಿ ಒಂದು ಸುತ್ತು ಬಂದೆ. ಉಂಡೆ ಚಪ್ಪಟೆ ಆಗಲಿಲ್ಲ. ಹಿಟ್ಟು ಹಾಳಾಯಿತು ಅಂತ ಬೈಗುಳ ಮಾತ್ರ ಬಿತ್ತು.

ಆ 18 ಇಂಚಿನವನ್ನು ಮಾರಾಟಕ್ಕೆ ಹಾಕಿದ್ದೆ. 2011ರ ಮಸ್ಟಾಂಗ್ ಇಟ್ಟುಕೊಂಡ ಹುಡುಗನೊಬ್ಬ ಬಂದ. ಬಗ್ಗಿದ್ದನ್ನು ಬಿಟ್ಟು ಉಳಿದ ಮೂರನ್ನೂ ತಗೊಂಡ. ಕೂರುತ್ತಾ ನೋಡೋಣ ಅಂತ ನನ್ನ ಡ್ರೈವ್‌ವೇಯಲ್ಲೇ ಜಾಕ್ ಹಾಕಿ ಒಂದನ್ನು ಏರಿಸಿದ. ಸ್ಪೇಸರ್ ಗೀಸರ್ ಏನೂ ಇಲ್ಲ, ಸಲೀಸಾಗಿ ಹೋಗಿ ಕೂತಿತು. ಅವನು ನಟ್ ತಿರುಗಿಸುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಎಣಿಸಿದೆ. ಹನ್ನೆರಡು ಸುತ್ತು.