ಡೆಸ್ಕ್‌ಟಾಪ್ ಜಾಗಕ್ಕೆ ಲ್ಯಾಪ್‌ಟಾಪ್: 15.6, 16, 17.3 ಇಂಚಿನಲ್ಲಿ ಯಾವುದು?

ಮಧ್ಯಮ ದರ್ಜೆಯಲ್ಲಿ ಡೆಸ್ಕ್‌ಟಾಪಿನ ಬದಲಿಗೆ ಮೇಜಿನ ಮೇಲೆ ಕೂರಿಸಬಹುದಾದ ಅಗಲ ಪರದೆಯ ಲ್ಯಾಪ್‌ಟಾಪ್‌ಗಳು ಮುಖ್ಯವಾಗಿ ಮೂರು ಬಗೆ: 16:9 ಅಗಲ-ಎತ್ತರ ಅನುಪಾತದ 15.6 ಇಂಚು, 16:10ರ 16 ಇಂಚು, 16:9ರ 17.3 ಇಂಚು. ಪಕ್ಕಪಕ್ಕ ಇಟ್ಟು ಕೆಲಸ ಮಾಡಿದರೆ, ಡಬ್ಬಿಯ ಮೇಲೆ ಬರೆದ ಇಂಚನ್ನು (ಅದು ಪರದೆಯ ಮೂಲೆಯಿಂದ ಮೂಲೆಗಿನ ಅಳತೆ) ನಂಬುವ ಹಾಗಿಲ್ಲ ಅಂತ ಬೇಗ ಗೊತ್ತಾಗುತ್ತದೆ.

15.6ರ ಪರದೆ ಸುಮಾರು 34.5 ಸೆಂ.ಮೀ. ಅಗಲ, 19.4 ಸೆಂ.ಮೀ. ಎತ್ತರ. 16 ಇಂಚಿನದೂ ಅಗಲದಲ್ಲಿ ಅಷ್ಟೇ, ಆದರೆ ಎತ್ತರ 21.5. 17.3ರ ಎತ್ತರವೂ ಅದೇ 21.5, ಅಗಲ ಮಾತ್ರ 38.3. 1920×1200 ಪರದೆಯಲ್ಲಿ 1920×1080ಕ್ಕಿಂತ 120 ಪಿಕ್ಸೆಲ್ ಸಾಲು ಹೆಚ್ಚು. ಸ್ಪ್ರೆಡ್‌ಶೀಟಿನಲ್ಲಿ ಐದಾರು ಸಾಲು ಹೆಚ್ಚು ಕಾಣುತ್ತವೆ. 17.3ರಲ್ಲೂ ರೆಸಲ್ಯೂಶನ್ 1920×1080 ಆಗಿದ್ದರೆ ಅಕ್ಷರ ದಪ್ಪಗಾಗುತ್ತದೆ, ಅಷ್ಟೇ. ಕಾಣುವ ವಿಷಯ ಒಂದಿಷ್ಟೂ ಹೆಚ್ಚುವುದಿಲ್ಲ. ಕನ್ನಡಕ ಹುಡುಕುವವರಿಗೆ ಅದೇ ಲಾಭ ಅನ್ನಿ. ಬಣ್ಣ ಮುಖ್ಯವಾದರೆ ‘45% ಎನ್‌ಟಿಎಸ್‌ಸಿ’ (ಪರದೆ ತೋರಬಲ್ಲ ಬಣ್ಣಗಳ ಅಳತೆ) ಎಂದಿರುವ ಪರದೆ ಬೇಡ, ಕೆಂಪು ಅದರಲ್ಲಿ ಪೇಲವ. 100% ಎಸ್‌ಆರ್‌ಜಿಬಿ (ಬಣ್ಣದ ಸಾಮಾನ್ಯ ಮಾನದಂಡ) ಎಂದಿರಲಿ.

ನಿಜವಾದ ಪರೀಕ್ಷೆ ಶಾಖದ್ದು. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಯು ಇದ್ದರೆ ಸಾಮಾನ್ಯವಾಗಿ 15 ವ್ಯಾಟ್ ವರ್ಗ, ಎಚ್ ಇದ್ದರೆ 45 ವ್ಯಾಟ್ ವರ್ಗ. ಡೆಸ್ಕ್‌ಟಾಪಿನ ಸಾಧಾರಣ ಚಿಪ್ಪಿಗೇ 65. ಎಲ್ಲವೂ ಮೊದಲ ಅರ್ಧ ನಿಮಿಷ ಚುರುಕಾಗಿ ಓಡುತ್ತವೆ, ಹಾಗಾಗಿ ಆ ಹೊತ್ತಿನ ಅಂಕಿಗೆ ಬೆಲೆ ಕೊಡಬೇಡಿ. ಉದ್ದದ ವಿಡಿಯೊವೊಂದನ್ನು ಪರಿವರ್ತನೆಗೆ ಹಾಕಿ, 20 ನಿಮಿಷದ ನಂತರ ‘ಎಚ್‌ಡಬ್ಲ್ಯೂಇನ್ಫೋ’ ಎಂಬ ತಂತ್ರಾಂಶದಲ್ಲಿ ಪ್ಯಾಕೇಜ್ ಪವರ್ (ಚಿಪ್ಪು ಬಳಸುವ ವ್ಯಾಟ್) ಎಷ್ಟಕ್ಕೆ ಇಳಿದು ನಿಂತಿದೆ ನೋಡಿ. ಒಂದೇ ಫ್ಯಾನಿನ ತೆಳ್ಳನೆಯ 15.6 ಇಲ್ಲೇ ಸೋಲುವುದು. 17.3ರ ದೊಡ್ಡ ಒಡಲಿನಲ್ಲಿ ಫ್ಯಾನ್ ಸದ್ದು ಕಡಿಮೆ ಇರಬೇಕು, ಆದರೆ ಆ ಒಡಲಿಗೂ ಯು ಚಿಪ್ಪನ್ನೇ ತುಂಬಿ ಮಾರುವುದುಂಟು; ಆಗ ತೂಕ ಹೊತ್ತದ್ದೇ ಬಂತು. ಎರಡು ಫ್ಯಾನಿನ, ಎಚ್ ಚಿಪ್ಪಿನ 16 ಇಂಚಿಗೇ ನಮ್ಮ ಮತ.

ಆ ಆಯ್ಕೆಗೊಂದು ಷರತ್ತಿದೆ. ಅನೇಕ 16 ಇಂಚಿನ ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಮುಂದೆ ಹೆಚ್ಚಿಸಲಾಗದು. ಅಂಥದ್ದಾದರೆ ಮೊದಲೇ 16 ಜಿಬಿ ಇರಲೇಬೇಕು, 32 ಆದರೆ ನೆಮ್ಮದಿ. ಸ್ಲಾಟ್ ಇರುವ 15.6ರಲ್ಲಿ ಒಂದೇ 8 ಜಿಬಿ ಕಡ್ಡಿ ಹಾಕಿ ಕೊಟ್ಟಿದ್ದರೆ ಅದೇ ಗಾತ್ರ, ಅದೇ ವೇಗದ ಇನ್ನೊಂದನ್ನು ಸೇರಿಸಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದೇ ಮೆಮೊರಿಯನ್ನು ಹಂಚಿಕೊಳ್ಳುವುದರಿಂದ ಡ್ಯುಯಲ್ ಚಾನೆಲ್ (ಎರಡೂ ಕಡ್ಡಿ ಒಟ್ಟಿಗೆ ಕೆಲಸ ಮಾಡುವುದು) ಆದ ಕೂಡಲೇ ವ್ಯತ್ಯಾಸ ಕಾಣುತ್ತದೆ.

ನಂಬರ್ ಪ್ಯಾಡ್ ಇರುವ ಕೀಬೋರ್ಡಿನಲ್ಲಿ ಅಕ್ಷರದ ಕೀಲಿಗಳು ಎಡಕ್ಕೆ ಸರಿದಿರುತ್ತವೆ; ದಿನವಿಡೀ ಟೈಪ್ ಮಾಡುವವರು ಬೇರೆ ಕೀಬೋರ್ಡ್ ಜೋಡಿಸುವುದೇ ಸರಿ.

ಹೊರಗೆ ಮಾನಿಟರ್ ಇಡುವುದಾದರೆ ಲೆಕ್ಕ ಬದಲಾಗುತ್ತದೆ. 24 ಇಂಚಿನ ಮಾನಿಟರ್ 53 ಸೆಂ.ಮೀ. ಅಗಲ, ಅದರ ಮುಂದೆ 17.3ಕ್ಕೆ ಕೊಟ್ಟ ದುಡ್ಡು ದಂಡ. ಆಗ ನೋಡಬೇಕಾದ್ದು ಪೋರ್ಟುಗಳನ್ನು. ಎಚ್‌ಡಿಎಂಐ 1.4 ಆದರೆ 4ಕೆ ಮಾನಿಟರಿಗೆ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ಮಾತ್ರ ಸಿಗುತ್ತದೆ, ಮೌಸ್ ಬಾಣ ತಡವರಿಸುತ್ತದೆ, 2.0 ಬೇಕು. ಎಲ್ಲ ಯುಎಸ್‌ಬಿ-ಸಿ ಪೋರ್ಟುಗಳೂ ಚಿತ್ರ ಕಳಿಸುವುದಿಲ್ಲ, ಡಿಸ್‌ಪ್ಲೇಪೋರ್ಟ್ ಅಥವಾ ಥಂಡರ್‌ಬೋಲ್ಟ್ ಉಂಟೇ ಎಂದು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಮಾನಿಟರಿನ ಅದೇ ಕೇಬಲ್ 65 ವ್ಯಾಟ್ ಕೊಟ್ಟರೆ ಯು ಚಿಪ್ಪಿಗೆ ಸಾಕು; ಪ್ರತ್ಯೇಕ ಗ್ರಾಫಿಕ್ಸ್ ಇರುವ ಎಚ್ ಯಂತ್ರದಲ್ಲಿ ಭಾರದ ಕೆಲಸ ನಡೆದಾಗ ಪ್ಲಗ್ಗಿನಲ್ಲಿದ್ದೂ ಬ್ಯಾಟರಿ ಇಳಿಯುತ್ತದೆ. ಮುಚ್ಚಳ ಮುಚ್ಚಿ ಬಳಸುವ ಆಸೆ ಬೇಡ: ಹಲವು ಮಾದರಿಗಳ ಬಿಸಿಗಾಳಿ ಮುಚ್ಚಳದ ಕೀಲಿನ (ಹಿಂಜ್) ಬಳಿಯೇ ಹೊರಬರುತ್ತದೆ. ತೆರೆದಿಟ್ಟು, ಹಿಂಬದಿಯನ್ನು ಎರಡು ಮೂರು ಸೆಂ.ಮೀ. ಎತ್ತರಿಸಿ.

ಸದಾ ಪ್ಲಗ್ಗಿನಲ್ಲಿರುವ ಯಂತ್ರಕ್ಕೆ ತಯಾರಕರ ತಂತ್ರಾಂಶದಲ್ಲಿ ಅಥವಾ ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಚಾರ್ಜ್ ಮಿತಿಯನ್ನು 80%ಕ್ಕೆ ಇಡಿ. ನೂರರಲ್ಲೇ ಬಿಸಿಯಾಗಿ ಕೂತ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದರೆ ಅಥವಾ ಕ್ಲಿಕ್ ಆಗದೆ ಬಿಗಿಯಾದರೆ ಯಂತ್ರ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಬದಲಾಯಿಸುವ ತನಕ ಮತ್ತೆ ಆನ್ ಮಾಡಬೇಡಿ.