ಊಟದ ಡಬ್ಬಿಯಲ್ಲಿ ಕೂರುವ ಕ್ಯಾಮೆರಾ: ಮೈ ನೇಚರ್‌ವಾಚ್

ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ವಿಶ್ವವಿದ್ಯಾಲಯದಲ್ಲಿ ವಿನ್ಯಾಸದ ಪ್ರಾಧ್ಯಾಪಕರಾಗಿದ್ದ ಬಿಲ್ ಗೇವರ್ ಅವರ ಇಂಟರಾಕ್ಷನ್ ರಿಸರ್ಚ್ ಸ್ಟುಡಿಯೋ, ರಾಯಲ್ ಕಾಲೇಜ್ ಆಫ್ ಆರ್ಟ್ ಜೊತೆಗೂಡಿ ರೂಪಿಸಿದ ವನ್ಯಜೀವಿ ಕ್ಯಾಮೆರಾ ಇದು. 2018ರಲ್ಲಿ ಬಿಬಿಸಿಯ ವನ್ಯಜೀವಿ ಟಿವಿ ಕಾರ್ಯಕ್ರಮ ಸ್ಪ್ರಿಂಗ್‌ವಾಚ್‌ನಲ್ಲಿ ಕಾಣಿಸಿಕೊಂಡಿತು. ಸಿದ್ಧವಾಗಿ ಸಿಗುವ ಸರಕಲ್ಲ, ಬಿಡಿಭಾಗ ಕೊಂಡು ನಾವೇ ಜೋಡಿಸಬೇಕು.

ರಾಸ್ಪ್‌ಬೆರಿ ಪೈ ಜೀರೋ ಡಬ್ಲ್ಯೂ ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್, ಅದಕ್ಕೆ ಜೋಡಿಸುವ ಪೈ ಕ್ಯಾಮೆರಾ, ಮೈಕ್ರೋ ಎಸ್‌ಡಿ ಕಾರ್ಡ್, ಪವರ್ ಬ್ಯಾಂಕ್, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ಇಷ್ಟಿದ್ದರೆ ಸಾಕು. ಸೋಲ್ಡರಿಂಗ್ (ಬೆಸುಗೆ) ಇಲ್ಲ. ಹೊಸಬರು ಎಡವುವುದು ಕ್ಯಾಮೆರಾವನ್ನು ಬೋರ್ಡಿಗೆ ಸೇರಿಸುವ ಚಪ್ಪಟೆ ಕೇಬಲಿನಲ್ಲಿ. ಕ್ಯಾಮೆರಾ ಕಡೆ 15 ಪಿನ್, ಜೀರೋ ಕಡೆ 22 ಪಿನ್ನಿನ ಕಿರಿದಾದ ಕನೆಕ್ಟರ್. ಹಾಗಾಗಿ ಜೀರೋಗೆಂದೇ ಮಾಡಿದ ಕೇಬಲ್ ಕೇಳಿ ಕೊಳ್ಳಿ. ಜೀರೋ ಕಡೆ ಲೋಹದ ಗೆರೆಗಳು ಬೋರ್ಡಿನತ್ತ ಮುಖ ಮಾಡಿರಬೇಕು. ಅಲ್ಲಿನ ಕಪ್ಪು ಕ್ಲಿಪ್ಪನ್ನು ಜೋರಾಗಿ ಎಳೆದರೆ ಕಿತ್ತೇ ಬರುತ್ತದೆ.

ವಿನ್ಯಾಸದ ಜಾಣತನವಿರುವುದು ಬಳಕೆಯಲ್ಲಿ. ಖಾತೆ ಬೇಡ, ಆ್ಯಪ್ ಬೇಡ, ಕ್ಲೌಡ್ ಬೇಡ. ಕ್ಯಾಮೆರಾವೇ ತನ್ನ ವೈಫೈ ಹೊರಡಿಸುತ್ತದೆ, ಫೋನಿನ ಬ್ರೌಸರಿನಲ್ಲಿ ಚಿತ್ರ ನೋಡಬಹುದು, ಫೋಟೋಗಳು ಕಾರ್ಡಿನಲ್ಲೇ ಉಳಿಯುತ್ತವೆ. ಮನೆಯ ಕ್ಯಾಮೆರಾ ಎಂದರೆ ತಿಂಗಳ ಚಂದಾ ಎಂದಾಗಿರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡು ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರುತ್ತದೆ, ಪುಟ ತೆರೆಯುವುದಿಲ್ಲ. ಡೇಟಾ ಆಫ್ ಮಾಡಿಯೇ ಕನೆಕ್ಟ್ ಮಾಡಿ.

ಪ್ರಾಣಿಯ ಮೈಬಿಸಿ ಗುರುತಿಸುವ ಸೆನ್ಸರ್ ಇದರಲ್ಲಿಲ್ಲ. ಒಂದರ ಹಿಂದೊಂದು ಬರುವ ಚಿತ್ರಗಳನ್ನು ಹೋಲಿಸಿ, ವ್ಯತ್ಯಾಸ ಕಂಡರೆ ಫೋಟೋ ತೆಗೆಯುತ್ತದೆ. ಗಾಳಿಗೆ ಎಲೆ ಆಡಿದರೂ, ಮೋಡ ಸರಿದು ನೆರಳು ಬದಲಾದರೂ ಕ್ಲಿಕ್! ಹಕ್ಕಿಯಿಲ್ಲದ ಕೊಂಬೆಯ ಫೋಟೋಗಳೇ ರಾಶಿ ಬೀಳುತ್ತವೆ. ಗೋಡೆ, ಮರದ ಬೊಡ್ಡೆಯಂಥ ಅಲುಗದ ಹಿನ್ನೆಲೆ ಆರಿಸಿ, ಸೆನ್ಸಿಟಿವಿಟಿ ಇಳಿಸಿ. ಲೆನ್ಸ್ ಸ್ಥಿರ ಫೋಕಸ್‌ನದು. ಕಾಳಿನ ತಟ್ಟೆಯನ್ನು ಒಂದಡಿ ದೂರಕ್ಕೆ ತಂದಿಟ್ಟರೆ ಹಕ್ಕಿ ಮಸುಕು. ಲೆನ್ಸನ್ನು ಡಬ್ಬಿಯ ಗೋಡೆಗೆ ಅಂಟಿಸಿದಂತೆ ಕೂರಿಸದಿದ್ದರೆ ಪ್ಲಾಸ್ಟಿಕ್ಕಿನ ಪ್ರತಿಫಲನವೂ ಫೋಟೋದಲ್ಲಿ ಬರುತ್ತದೆ. ರಾತ್ರಿಗೆ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇಲ್ಲದ ನೋಐಆರ್ ಕ್ಯಾಮೆರಾ ಮತ್ತು ಇನ್‌ಫ್ರಾರೆಡ್ ದೀಪ ಎರಡೂ ಬೇಕು.

10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ ಒಂದು ಹಗಲು ಧಾರಾಳವಾಗಿ ಓಡುತ್ತದೆ.

ಈಗ ಕೊಳ್ಳುವವರಿಗೆ ಒಂದು ಎಚ್ಚರಿಕೆ: 2018ರ ಸಾಫ್ಟ್‌ವೇರ್ ಇಮೇಜ್ (ಎಸ್‌ಡಿ ಕಾರ್ಡಿಗೆ ಬರೆಯುವ ಫೈಲ್) 2021ರಲ್ಲಿ ಬಂದ ಹೊಸ ಬೋರ್ಡ್ ಜೀರೋ 2 ಡಬ್ಲ್ಯೂನಲ್ಲಿ ಬೂಟ್ ಆಗದು, 2023ರ ಕ್ಯಾಮೆರಾ ಮಾಡ್ಯೂಲ್ 3 ಅದಕ್ಕೆ ಗೊತ್ತೇ ಇಲ್ಲ. ಹಳೆಯ ಜೀರೋ ಡಬ್ಲ್ಯೂ ಜೊತೆ ಕ್ಯಾಮೆರಾ ಮಾಡ್ಯೂಲ್ 2 ತೆಗೆದುಕೊಳ್ಳಿ.